ಗುಲಗಂಜಿ ಹುಳುವಿನ ವೃತ್ತಾಂತ: ರೂಪಕವೂ ಎಣಿಕೆಯೂ

ಶಾಸ್ತ್ರಗ್ರಂಥಗಳು ಸಾಹಿತ್ಯವಿಮರ್ಶೆಯ ಎಲ್ಲೆಯಿಂದ ಹೊರಗಿರುವುವೆಂಬ ಭಾವನೆ ವಿದ್ವಾಂಸರಲ್ಲಿ ಸಾಮಾನ್ಯವಾಗಿದೆ. ವಸ್ತುಗಳ ಗುಣಧರ್ಮಗಳನ್ನು ವರ್ಣಿಸುವಷ್ಟಕ್ಕೆ ನಿಲ್ಲುವ ಶಾಸ್ತ್ರದ ವಿಷಯದಲ್ಲಿ ಈ ಮಾತನ್ನು ಒಪ್ಪಬಹುದು. ಆದರೆ ಶಾಸ್ತ್ರವು ಕಾಲಕ್ರಮದಲ್ಲಿ ನಡೆದ ಮಾರ್ಪಾಡನ್ನು ಹೇಳಹೊರಟೊಡನೆಯೇ ಅದಕ್ಕೆ ಆದಿಮಧ್ಯಾಂತ್ಯಗಳು ಬೇಕಾಗುವುವು. ಕರ್ತೃವಾವನು, ಕೆಟ್ಟವರಾರು, ಉಳಿದವರಾರು ಎಂಬ ಪ್ರಶ್ನೆಗಳು ಹುಟ್ಟುವುವು. ಅಲ್ಲಿಗೆ ಶಾಸ್ತ್ರವು ಕಥನವಾಗುವುದು. ಕಥನವಾದ ಬಳಿಕ ಕ್ಷೇಮೇಂದ್ರನು ಕಾವ್ಯಕ್ಕೆ ವಿಧಿಸಿದ ಔಚಿತ್ಯದ ಪರೀಕ್ಷೆಗೆ ಅದೂ ಒಳಗಾಗಬೇಕಾದುದು ನ್ಯಾಯ. ಈ ಪರೀಕ್ಷೆಗೆ ಗುಲಗಂಜಿ ಹುಳುವನ್ನು ಕುರಿತ ಇಂಗ್ಲಿಷ್ ಬರವಣಿಗೆಗಿಂತ ಉಚಿತವಾದ ಉದಾಹರಣೆ ದೊರೆಯುವುದು ಕಷ್ಟ. ಒಂದು ನೆಲದಲ್ಲಿ ಹಿಂದಿನಿಂದಲೂ ಇದ್ದ ಹುಳುಗಳು ಕುಗ್ಗಿ, ಹೊರಗಿನಿಂದ ತಂದ ಹುಳುಗಳು ಹಬ್ಬಿದ ವೃತ್ತಾಂತವು ನೂರಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಅಲ್ಲಿ ಬರೆಯಲ್ಪಡುತ್ತಿದೆ. ಒಂದೇ ಬಗೆಯ ಜೀವಿ ಮೊದಲು ಉದ್ಧಾರಕನಾಗಿಯೂ ಅನಂತರ ದಾಳಿಕಾರನಾಗಿಯೂ ಅಲ್ಲಿ ಚಿತ್ರಿತವಾಗಿದೆ.

ಮೊದಲು ಹೆಸರಿನ ವಿಚಾರ. ಲೋಕದಲ್ಲಿ ಸುಮಾರು ೬,೦೦೦ ಜಾತಿಗಳುಳ್ಳ ಈ ಕೀಟಕುಲಕ್ಕೆ ಯೂರೋಪಿನ ಜನರು ಇಟ್ಟಿರುವ ಹೆಸರುಗಳೆಲ್ಲ ಭಕ್ತಿಯ ಹೆಸರುಗಳು. ಇಂಗ್ಲಿಷಿನ ‘ಲೇಡಿಬರ್ಡ್’ ಎಂಬಲ್ಲಿಯ ‘ಲೇಡಿ’ ಕ್ರಿಸ್ತನ ತಾಯಿಯಾದ ಮೇರಿ. ಜರ್ಮನರು ಇದನ್ನು ಮೇರಿಯ ದುಂಬಿಯೆಂದೂ, ಫ್ರೆಂಚರು ಒಳ್ಳೆಯ ದೇವರ ಪ್ರಾಣಿಯೆಂದೂ, ರಷ್ಯದವರು ದೇವರ ಪುಟ್ಟ ಹಸುವೆಂದೂ ಕರೆಯುವರು. ಜಪಾನೀಯರ ‘ತೆಂತೋಮುಷಿ’ ಎಂಬುದರಲ್ಲಿಯೂ ಸೂರ್ಯನ ಪಥದ ಸೂಚನೆಯಿದೆ. ಕನ್ನಡದ ಹೆಸರಿನಲ್ಲಿ ದೈವಭಾವನೆಯ ಸೋಂಕಿಲ್ಲ. ಕೆಂಪು ಮೈ, ಕಪ್ಪು ಚುಕ್ಕೆ ಎಂಬ ಸಾದೃಶ್ಯವೊಂದನ್ನೇ ಹಿಡಿದು ಅದು ಗುಲಗಂಜಿಯ ಬೀಜವನ್ನು ನೆನೆಯುತ್ತದೆ. ಆ ಬೀಜವೋ ಅಕ್ಕಸಾಲಿಗನು ಚಿನ್ನವನ್ನು ತೂಗುತ್ತಿದ್ದ ಅಳತೆ. ಹೆಸರಿನಲ್ಲಿಯೇ ಪುಣ್ಯವನ್ನು ತುಂಬಿಕೊಂಡ ಪ್ರಾಣಿಯ ವಿಷಯವಾಗಿ ಬರೆಯುವವನು ಅದರ ಚರಿತ್ರೆಯನ್ನು ನಿರ್ಲಿಪ್ತನಾಗಿ ಹೇಳುವುದು ಕಷ್ಟವೆಂಬುದನ್ನು ಮುಂದಿನ ವೃತ್ತಾಂತಗಳು ತೋರಿಸುವುವು.

ಆ ವೃತ್ತಾಂತಗಳಲ್ಲಿ ಮೊದಲನೆಯದು ಕ್ಯಾಲಿಫೋರ್ನಿಯದ್ದು. ೧೮೬೮ರ ಸುಮಾರಿನಲ್ಲಿ ಆಸ್ಟ್ರೇಲಿಯದಿಂದ ಜಾಲಿಯ ಗಿಡಗಳೊಡನೆ ಬಂದ ಹತ್ತಿಯಂತಹ ಬಿಳಿಯ ಶಲ್ಕಕೀಟವೊಂದು ಅಲ್ಲಿಯ ಕಿತ್ತಳೆ ತೋಟಗಳನ್ನು ಹಾಳುಗೆಡವಿತು. ಅಮೆರಿಕಾ ಸರ್ಕಾರದ ಕೀಟಶಾಸ್ತ್ರಜ್ಞ ರೈಲಿಯವರು ಆಲ್ಬರ್ಟ್ ಕೋಬೆಲೆ ಎಂಬುವರನ್ನು ೧೮೮೮ರಲ್ಲಿ ಆಸ್ಟ್ರೇಲಿಯಕ್ಕೆ ಕಳುಹಿಸಿದರು. ಅವರು ಕಂಡು ಕಳುಹಿಸಿದ ವೆಡೇಲಿಯಾ ಎಂಬ ಗುಲಗಂಜಿ ಹುಳುಗಳು ಮೂರು ಕಂತುಗಳಲ್ಲಿ ೨೮, ೪೪, ೫೭ರಂತೆ ಒಟ್ಟು ೧೨೯ ಮಾತ್ರ ೧೮೮೯ರ ಜನವರಿಯೊಳಗೆ ಲಾಸ್ ಏಂಜಲೀಸನ್ನು ಮುಟ್ಟಿದುವು. ಬಲೆಬಟ್ಟೆಯಿಂದ ಮುಚ್ಚಿದ ಒಂದು ಕಿತ್ತಳೆ ಮರದಲ್ಲಿ ಅವು ಹೆಚ್ಚಿ, ಅಲ್ಲಿಂದ ತೋಟತೋಟಕ್ಕೆ ಹಂಚಲ್ಪಟ್ಟು, ಆ ವರ್ಷ ಮುಗಿಯುವುದರೊಳಗೆ ಪಿಡುಗನ್ನು ಅಡಗಿಸಿದುವು. ಕಥೆಯಾಗಲು ಬೇಕಾದುದೆಲ್ಲವೂ ಇದರಲ್ಲಿದೆ: ಆಪತ್ತು, ದೂರಪ್ರಯಾಣ, ಅಲ್ಪಸಂಖ್ಯೆ, ವಿಜಯ. ಸಂಜೀವಿನಿಯನ್ನು ತರಹೋದವನ ಕಥೆಯನ್ನು ಬಲ್ಲ ವಾಚಕನಿಗೆ ಇದರ ಆಕರ್ಷಣೆಯನ್ನು ವಿವರಿಸಬೇಕಾಗಿಲ್ಲ.

ಈ ಕಥೆ ಸುಳ್ಳಲ್ಲ. ಅದು ಕೀಟಶಾಸ್ತ್ರದ ಒಂದು ನಿಜವಾದ ಸಾಧನೆ. ದೋಷವಿರುವುದು ಅದನ್ನು ಮಾದರಿಯಾಗಿ ಮಾಡಿಕೊಂಡವರಲ್ಲಿ. ವೆಡೇಲಿಯಾ ಗೆದ್ದುದಕ್ಕೆ ವಿಶೇಷ ಕಾರಣಗಳಿದ್ದುವು. ಅದು ಬಹುಮಟ್ಟಿಗೆ ಆ ಶಲ್ಕಕೀಟದ ಬಳಗವನ್ನೇ ತಿಂದು ಬದುಕುವಂತಹುದು. ಅದರ ಆಹಾರವೂ ಅದರಂತೆಯೇ ಹೊರಗಿನಿಂದ ಬಂದುದು. ಕಥೆಯ ರೂಪದಲ್ಲಿ ಈ ವಿಶೇಷಗಳು ಮರೆಯಾಗಿ, ‘ಹುಳುವನ್ನು ತಂದರು, ನಾಡು ಉಳಿಯಿತು’ ಎಂಬಷ್ಟೇ ನಿಂತಿತು. ೧೯೪೦ರ ದಶಕದಲ್ಲಿ ಡಿಡಿಟಿ ಎಂಬ ವಿಷವನ್ನು ತೋಟಗಳಿಗೆ ಎರಚಿದಾಗ ವೆಡೇಲಿಯಾ ಸತ್ತು ಶಲ್ಕಕೀಟವು ಮತ್ತೆ ಹೆಚ್ಚಿತು. ಕಥೆಯ ಈ ಉತ್ತರಭಾಗವು ಪೂರ್ವಭಾಗದಷ್ಟು ಪ್ರಸಿದ್ಧಿಗೆ ಬರಲಿಲ್ಲ. ಮಂಗಳವಾದ ಅಂತ್ಯವನ್ನು ಒಮ್ಮೆ ಪಡೆದ ಕಥೆ ಅನಂತರದ ಸಂಗತಿಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಮಾದರಿಯ ಫಲವು ಮುಂದೆ ಕಾಣಿಸಿತು. ಪೂರ್ವ ಏಷ್ಯದ ಹಾರ್ಮೋನಿಯಾ ಆಕ್ಸಿರಿಡಿಸ್ ಎಂಬ ಹುಳುವನ್ನು ಸಸ್ಯಹೇನುಗಳ ನಾಶಕ್ಕಾಗಿ ಅಮೆರಿಕಾದಲ್ಲಿ ೧೯೧೬ರಿಂದ ಮತ್ತೆ ಮತ್ತೆ ಬಿಡಲಾಯಿತು. ಅದು ಅಲ್ಲಿ ನೆಲೆಗೊಂಡುದು ಕಂಡುಬಂದದ್ದು ೧೯೮೮ರಲ್ಲಿ, ಲೂಸಿಯಾನಾ ಪ್ರಾಂತದಲ್ಲಿ. ಯೂರೋಪಿನ ಏಳು ಚುಕ್ಕೆಯ ಹುಳುವನ್ನೂ ಅಲ್ಲಿ ಬಿಟ್ಟರು. ಅದು ೧೯೭೩ರಲ್ಲಿ ನ್ಯೂಜೆರ್ಸಿಯಲ್ಲಿ ನೆಲೆಗೊಂಡಿರುವುದು ತಿಳಿದುಬಂದಿತು. ಯೂರೋಪಿನಲ್ಲಿ ಹಾರ್ಮೋನಿಯಾ ವ್ಯಾಪಾರದ ಸರಕಾಗಿಯೂ ಮಾರಾಟವಾಯಿತು. ವೆಡೇಲಿಯಾದಂತೆ ಇದು ಒಂದೇ ಆಹಾರಕ್ಕೆ ಕಟ್ಟುಬಿದ್ದುದಲ್ಲ. ಹೇನು ಮುಗಿದಲ್ಲಿ ಬೇರೆ ಗುಲಗಂಜಿ ಹುಳುಗಳ ಮೊಟ್ಟೆಗಳನ್ನೂ ಮರಿಗಳನ್ನೂ ತಿನ್ನುವುದು; ಹಣ್ಣನ್ನೂ ಬಿಡದು. ಉಪಕಾರಿಯೆಂದು ತರಲು ಕಾರಣವಾದ ಹಸಿವೇ ಅಪಕಾರಿಯೆಂದು ದೂರಲು ಕಾರಣವಾಯಿತು.

೨೦೦೪ರಲ್ಲಿ ಈ ಹುಳು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ ಕಂಡಿತು. ಅಲ್ಲಿಯವರು ಇದನ್ನು ‘ಹಾರ್ಲೆಕ್ವಿನ್’ ಎಂದು ಕರೆದರು. ಇಟಲಿಯ ಹಾಸ್ಯನಾಟಕಗಳಲ್ಲಿ ತೇಪೆತೇಪೆಯ ಬಣ್ಣದ ಉಡುಪಿನಿಂದ ಕಾಣಿಸಿಕೊಳ್ಳುವ ಚತುರ ಸೇವಕನ ಹೆಸರಿದು. ಹುಳುವಿನ ಬಣ್ಣದ ಬಹುರೂಪಕ್ಕೆ ಈ ಹೆಸರು ಒಪ್ಪುವುದು ನಿಜ. ಮುಂದೆ ಪ್ರಸಿದ್ಧ ವಂಶಶಾಸ್ತ್ರಜ್ಞರಾದ ಡಾಬ್‌ಜಾನ್‌ಸ್ಕಿಯವರು ತಮ್ಮ ಯೌವನದಲ್ಲಿ, ೧೯೨೪ರಷ್ಟು ಹಿಂದೆಯೇ, ಈ ಬಹುರೂಪವನ್ನು ಕುರಿತು ಬರೆದಿದ್ದರು. ಆದರೆ ಹೆಸರಿನೊಡನೆ ವೇಷಧಾರಿ, ಮೋಸಗಾರ ಎಂಬ ಧ್ವನಿಯೂ ಬಂದಿತು. ಇದೇ ಹುಳುವಿಗೆ ಜಪಾನಿನಲ್ಲಿ ‘ನಾಮಿತೆಂತೋ’ ಎಂದು ಹೆಸರು. ಸಾಧಾರಣವಾದ ಗುಲಗಂಜಿ ಹುಳುವೆಂದು ಅದರ ಅರ್ಥ. ತವರಿನಲ್ಲಿ ಸಾಧಾರಣ, ಹೊರಗೆ ವೇಷಧಾರಿ. ಹುಳುವಿನ ಮೈ ಬದಲಾಗಿಲ್ಲ. ನೋಡುವವನ ನಿಲವು ಬದಲಾಗಿದೆ.

ಈ ನಿಲವಿಗೆ ಭಾಷೆಯನ್ನು ಒದಗಿಸಿದ ಗ್ರಂಥವು ಚಾರ್ಲ್ಸ್ ಎಲ್ಟನ್ನರು ೧೯೫೮ರಲ್ಲಿ ಪ್ರಕಟಿಸಿದ, ಪ್ರಾಣಿಸಸ್ಯಗಳ ದಾಳಿಗಳನ್ನು ಕುರಿತ ಪರಿಸರಶಾಸ್ತ್ರದ ಗ್ರಂಥ. ರೇಡಿಯೋ ಭಾಷಣಗಳಿಂದ ಬೆಳೆದ ಈ ಕೃತಿಯ ಗದ್ಯವು ಇಂದಿಗೂ ಓದಿಸಿಕೊಂಡು ಹೋಗುವಂತಹುದು. ಮಹಾಯುದ್ಧವನ್ನೂ ಅಣುಬಾಂಬನ್ನೂ ಕಂಡ ತಲೆಮಾರಿಗೆ ಅವರು ಜೀವಿಗಳ ಹಠಾತ್ ವೃದ್ಧಿಯನ್ನು ಸ್ಫೋಟಕ್ಕೆ ಹೋಲಿಸಿ ವಿವರಿಸಿದರು. ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಎಲ್ಟನ್ನರಲ್ಲಿ ಇದು ಬಹುಮಟ್ಟಿಗೆ ಉಪಮೆ: ಉಪಮಾನವೂ ಉಪಮೇಯವೂ ಬೇರೆಬೇರೆಯಾಗಿ ಕಾಣುತ್ತವೆ, ಬಾಂಬು ಬೇರೆ, ಹುಳು ಬೇರೆ ಎಂಬ ಎಚ್ಚರವಿದೆ. ಅನುಯಾಯಿಗಳಲ್ಲಿ ‘ಅಂತೆ’ ಎಂಬ ವಾಚಕವು ಬಿದ್ದುಹೋಗಿ ಉಪಮೆಯು ರೂಪಕವಾಯಿತು. ಹುಳು ದಾಳಿಕಾರನಂತೆ ಹಬ್ಬಿತು ಎಂಬುದರ ಬದಲು ಹುಳುವೇ ದಾಳಿಕಾರ ಎಂದಾಯಿತು. ಕಾವ್ಯದಲ್ಲಿ ಅಭೇದಾರೋಪವು ಅಲಂಕಾರ. ಶಾಸ್ತ್ರದಲ್ಲಿ ಅದು ಒಂದು ಪ್ರತಿಜ್ಞೆಯಾಗಿ ಪರಿಣಮಿಸಿ ಪ್ರಮಾಣವನ್ನು ಕೇಳುವುದು. ದಾಳಿಯೆಂದರೆ ದಾಳಿಮಾಡುವವನ ಸಂಕಲ್ಪವಿರಬೇಕು. ಇಲ್ಲಿ ಸಂಕಲ್ಪವಿದ್ದುದು ಹುಳುವಿಗಲ್ಲ, ಅದನ್ನು ಡಬ್ಬಿಯಲ್ಲಿಟ್ಟು ತಂದು ಬಿಟ್ಟವರಿಗೆ. ರೂಪಕವು ಕರ್ತೃವನ್ನು ಮರೆಮಾಡಿತು. ಈ ಸಾಹಿತ್ಯದ ಮೇಲೆ ಹೊರಿಸಬಹುದಾದ ಮುಖ್ಯ ಆಕ್ಷೇಪವಿದು.

ಆಕ್ಷೇಪವನ್ನು ಹೇಳಿದ ಮಾತ್ರಕ್ಕೆ ಹುಳುಗಳ ಕ್ಷಯವು ಬರಿಯ ಮಾತಿನ ಮಾಟವೆಂದು ತಿಳಿಯಬಾರದು. ಹಾಗೆ ತಿಳಿಯುವ ವಿಮರ್ಶಕರೂ ಉಂಟು; ಅವರ ತಪ್ಪು ಮೊದಲಿನ ತಪ್ಪಿಗಿಂತ ಕಿರಿದಲ್ಲ. ಮೈಕೇಲ್ ಮಜೆರಸ್ಸರು ೧೯೯೪ರಲ್ಲಿ ಪ್ರಕಟಿಸಿದ ‘ಲೇಡಿಬರ್ಡ್ಸ್’ ಎಂಬ ಗ್ರಂಥವನ್ನು ಈ ದೃಷ್ಟಿಯಿಂದ ಓದಬೇಕು. ೧೯೮೪ರಲ್ಲಿ ಕೇಂಬ್ರಿಡ್ಜಿನಲ್ಲಿ ಅವರು ಆರಂಭಿಸಿದ ಗಣತಿಗೆ ಶಾಲೆಯ ಮಕ್ಕಳೂ ಹವ್ಯಾಸಿಗಳೂ ಲೆಕ್ಕ ಕಳುಹಿಸಿದರು. ಆ ಶ್ರಮವು ಗ್ರಂಥದ ಬೆನ್ನಿಗಿದೆ. ಎರಡು ಚುಕ್ಕೆಯ ಹುಳು ಅದರಲ್ಲಿ ಮನೆಯ ಹಿತ್ತಲಿನ ನೆರೆಯಂತೆ ಕಾಣುತ್ತದೆ; ಅದರ ಕರಿಯ ರೂಪ, ಕೆಂಪು ರೂಪಗಳ ಅನುಪಾತ, ಗಂಡುಮರಿಗಳನ್ನೇ ಕೊಲ್ಲುವ ಸೂಕ್ಷ್ಮಜೀವಿಗಳು ಮೊದಲಾದುವು ಅಲ್ಲಿ ವಿಸ್ತಾರವಾಗಿ ನಿರೂಪಿತವಾಗಿವೆ. ಕ್ಷಯದ ಕಥೆಯನ್ನು ಹೇಳುವ ಉದ್ದೇಶ ಆ ಗ್ರಂಥಕ್ಕಿರಲಿಲ್ಲ. ಹತ್ತು ವರ್ಷಗಳಲ್ಲಿ ಹಾರ್ಮೋನಿಯಾ ಬಂದ ಮೇಲೆ ಅದೇ ಗ್ರಂಥವು ತಾನಾಗಿಯೇ ಸಾಕ್ಷ್ಯಪತ್ರವಾಯಿತು. ಮುಂದೇನಾಗುವುದೆಂಬುದನ್ನು ತಿಳಿಯದೆ ಬರೆದವನ ಮಾತಿಗೆ, ತಿಳಿದು ಬರೆದವನ ಮಾತಿಗಿಲ್ಲದ ಒಂದು ಪ್ರಾಮಾಣ್ಯವುಂಟು.

ಹೆಲೆನ್ ರಾಯ್ ಮತ್ತು ಅವರ ಸಹೋದ್ಯೋಗಿಗಳು ೨೦೧೨ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ರೂಪಕವೂ ಎಣಿಕೆಯೂ ಎದುರುಬದುರಾಗಿ ನಿಂತಿವೆ. ಅದರ ಶಿರೋನಾಮೆಯಲ್ಲಿ ದಾಳಿಕಾರ, ಪರಕೀಯ, ಭಕ್ಷಕ ಎಂಬ ಮೂರು ಮಾತುಗಳು ಒಂದರ ಮೇಲೊಂದು ಬಂದು, ವಾಚಕನ ತೀರ್ಪನ್ನು ಮೊದಲೇ ಕೇಳಿಕೊಳ್ಳುವುವು. ಒಳಗಿನ ವಾದವಾದರೋ ಸಂಯಮದಿಂದ ಕೂಡಿದೆ. ಪರೀಕ್ಷಿಸಿದ ಎಂಟು ಸ್ಥಳೀಯ ಜಾತಿಗಳಲ್ಲಿ ಬೆಲ್ಜಿಯಮಿನಲ್ಲಿ ಐದೂ ಬ್ರಿಟನ್ನಿನಲ್ಲಿ ಏಳೂ ಕುಗ್ಗಿರುವುವು. ಎರಡು ಚುಕ್ಕೆಯ ಹುಳುವಿನ ಹರವು ಹಾರ್ಮೋನಿಯಾ ಬಂದ ಐದು ವರ್ಷಗಳಲ್ಲಿ ಬೆಲ್ಜಿಯಮಿನಲ್ಲಿ ಶೇಕಡಾ ೩೦ರಷ್ಟೂ ಬ್ರಿಟನ್ನಿನಲ್ಲಿ ಶೇಕಡಾ ೪೪ರಷ್ಟೂ ಇಳಿಯಿತೆಂದು ಲೆಕ್ಕ ಹೇಳುತ್ತದೆ. ಈ ಲೆಕ್ಕದ ಹಿಂದಿರುವುದು ಸಾವಿರಾರು ಸಾಮಾನ್ಯ ಜನರು ಕಳುಹಿಸಿದ ವರದಿಗಳು. ಇಬ್ಬರೂ ಪಟ್ಟಣದ ಮರಗಳಲ್ಲಿಯೇ ವಾಸಿಸುವವರಾದುದರಿಂದ ಎರಡು ಚುಕ್ಕೆಯ ಹುಳುವಿಗೆ ಪೆಟ್ಟು ಹೆಚ್ಚಾಗಿ ಬಿದ್ದುದು ಅರ್ಥವಾಗುವ ಸಂಗತಿ. ಶಿರೋನಾಮೆಯ ವಿಶೇಷಣಗಳನ್ನೆಲ್ಲ ತೆಗೆದುಹಾಕಿದರೂ ಈ ಎಣಿಕೆ ಕುಂದುವುದಿಲ್ಲ. ಪ್ರಬಂಧದ ಗುಣವೂ ದೋಷವೂ ಇದರಲ್ಲಿಯೇ ಇದೆ: ತನ್ನ ಅಲಂಕಾರದ ಹಂಗಿಲ್ಲದೆ ನಿಲ್ಲಬಲ್ಲ ಕೃತಿ ಆ ಅಲಂಕಾರವನ್ನು ತೊಟ್ಟುದು ಅನಾವಶ್ಯಕ.

ಅಮೆರಿಕಾದ ವೃತ್ತಾಂತವು ಇಷ್ಟು ಸರಳವಾಗಿಲ್ಲ. ಅಲ್ಲಿಯ ಒಂಬತ್ತು ಚುಕ್ಕೆಯ ಹುಳು ಒಂದು ಕಾಲಕ್ಕೆ ದೇಶದಲ್ಲೆಲ್ಲ ಹರಡಿಕೊಂಡಿತ್ತು. ನ್ಯೂಯಾರ್ಕ್ ಪ್ರಾಂತವು ೧೯೮೯ರಲ್ಲಿ ಅದನ್ನು ತನ್ನ ಅಧಿಕೃತ ಕೀಟವೆಂದು ಶಾಸನಮಾಡಿತು. ಆ ವೇಳೆಗೆ ಅದು ಆ ಪ್ರಾಂತದಲ್ಲಿ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ೧೯೮೨ರ ಬಳಿಕ ಅದು ಅಲ್ಲಿ ಮತ್ತೆ ಸಿಕ್ಕಿದುದು ೨೦೧೧ರಲ್ಲಿ, ಲಾಂಗ್ ಐಲೆಂಡಿನ ಒಂದು ಹೊಲದಲ್ಲಿ. ಇಲ್ಲದ ಅರಸನಿಗೆ ಪಟ್ಟಕಟ್ಟಿದ ಈ ಶಾಸನವು, ಎಣಿಕೆಯಿಲ್ಲದ ಪ್ರಶಂಸೆ ಎಷ್ಟು ಬರಿದೆಂಬುದಕ್ಕೆ ಉದಾಹರಣೆ. ಈ ಕ್ಷಯಕ್ಕೆ ಏಳು ಚುಕ್ಕೆಯ ಹುಳುವೇ ಕಾರಣವೆಂದು ಹಲವರು ಬರೆದರು. ಬೇಸಾಯದ ಭೂಮಿ ಕಾಡಾದುದು, ವಿಷದ ಎರಚಾಟ ಮೊದಲಾದ ಕಾರಣಗಳನ್ನೂ ಸಂಶೋಧಕರು ಸೂಚಿಸಿರುವರು. ಮೇನ್ ಪ್ರಾಂತದ ಆಲೂಗೆಡ್ಡೆ ಹೊಲಗಳಲ್ಲಿ ೧೯೭೧ರಿಂದ ೨೦೦೧ರವರೆಗೆ ನಡೆದ ಎಣಿಕೆಯನ್ನು ಅಲ್ಯೋಖಿನ್ ಮತ್ತು ಸ್ಯೂವೆಲ್ ೨೦೦೪ರಲ್ಲಿ ಪ್ರಕಟಿಸಿದರು. ೧೯೮೦ರವರೆಗೆ ಅಲ್ಲಿ ಸ್ಥಳೀಯ ಜಾತಿಗಳದೇ ಮೇಲುಗೈ. ಅನಂತರ ಏಳು ಚುಕ್ಕೆಯದು ಮುಂದಾಯಿತು. ಕೊನೆಯ ವರ್ಷಗಳಲ್ಲಿ ಹಾರ್ಮೋನಿಯಾ ಮೊದಲಾದುವು ಬಂದು ಸೇರಿದುವು. ಹೊಸಬನೂ ಹಳಬನಾಗಿ ಮತ್ತೊಬ್ಬ ಹೊಸಬನಿಗೆ ಎಡೆಕೊಡುವ ಈ ಚಿತ್ರವು ದಾಳಿಕಾರ ಮತ್ತು ದಾಳಿಗೊಳಗಾದವನೆಂಬ ಇಬ್ಬರೇ ಪಾತ್ರಗಳ ನಾಟಕದಲ್ಲಿ ಹಿಡಿಸುವುದಿಲ್ಲ.

ಮಿಚಿಗನ್ ಪ್ರಾಂತದಲ್ಲಿ ೧೯೮೯ರಿಂದ ೨೦೧೨ರವರೆಗೆ ೨೪ ವರ್ಷಗಳ ಎಣಿಕೆಯನ್ನು ಕ್ರಿಸ್ಟೀ ಬಾಲೈ ಮತ್ತು ಸಹೋದ್ಯೋಗಿಗಳು ೨೦೧೩ರಲ್ಲಿ ಪರಿಶೀಲಿಸಿರುವರು. ಸಿಕ್ಕಿದ ೫೭,೦೦೦ಕ್ಕೂ ಹೆಚ್ಚು ಹುಳುಗಳಲ್ಲಿ ಶೇಕಡಾ ೭೧ಕ್ಕಿಂತ ಅಧಿಕ ಹೊರಗಿನಿಂದ ಬಂದ ಜಾತಿಗಳು. ಆದರೂ ಹೇನುಗಳನ್ನು ಅಡಗಿಸುವ ಒಟ್ಟು ಶಕ್ತಿ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿದಿತ್ತು. ಸ್ಥಳೀಯ ಜಾತಿಗಳ ಪಾಲು ಮಾತ್ರ ಇಳಿಯುತ್ತ ಹೋಯಿತು. ರೈತನ ಲೆಕ್ಕದಲ್ಲಿ ನಷ್ಟವಿಲ್ಲ. ಜೀವಚರಿತ್ರೆಯ ಲೆಕ್ಕದಲ್ಲಿ ನಷ್ಟವಿದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳುವ ಧೈರ್ಯ ಈ ಪ್ರಬಂಧಕ್ಕಿದೆ. ಉದ್ಧಾರಕನ ಕಥೆಯಲ್ಲಿ ಎರಡನೆಯ ಲೆಕ್ಕವಿಲ್ಲ, ದಾಳಿಕಾರನ ಕಥೆಯಲ್ಲಿ ಮೊದಲನೆಯ ಲೆಕ್ಕವಿಲ್ಲ. ಇದರ ಗದ್ಯವು ನೀರಸವೆನ್ನಬಹುದು. ಆದರೆ ಔಚಿತ್ಯದೃಷ್ಟಿಯಿಂದ ಈ ಸಾಹಿತ್ಯದಲ್ಲಿ ಉತ್ತಮಸ್ಥಾನ ಇದಕ್ಕೇ ಸಲ್ಲುವುದು.

ಸ್ವದೇಶಿ, ಪರದೇಶಿ ಎಂಬ ವಿಭಾಗವೂ ಸ್ಥಿರವಾದುದಲ್ಲ. ಇಂಗ್ಲೆಂಡಿನಲ್ಲಿ ಕರುಣೆಗೆ ಪಾತ್ರವಾದ ಎರಡು ಚುಕ್ಕೆಯ ಹುಳುವೇ ೧೯೯೩ರಲ್ಲಿ ಜಪಾನಿನ ಒಸಾಕಾದಲ್ಲಿ ಹೊರಗಿನಿಂದ ಬಂದ ಜಾತಿಯಾಗಿ ಕಾಣಿಸಿಕೊಂಡಿತು. ಅಲ್ಲಿಯ ಹಳೆಯ ನಿವಾಸಿ ಹಾರ್ಮೋನಿಯಾ. ಯೂರೋಪನ್ನು ಮುತ್ತಿದ ಹಾರ್ಮೋನಿಯಾದ ವಂಶದಲ್ಲಿ ಪೂರ್ವ ಅಮೆರಿಕಾದಲ್ಲಿ ನೆಲೆಗೊಂಡ ಸಂತತಿಯ ಪಾಲಿರುವುದೆಂದು ೨೦೧೦ರಲ್ಲಿ ಲೊಂಬೇರ್ ಮೊದಲಾದವರು ವಂಶವಾಹಿಗಳ ಪರೀಕ್ಷೆಯಿಂದ ತೋರಿಸಿರುವರು. ಏಷ್ಯದಿಂದ ನೇರವಾಗಿ ಬಂದ ಶತ್ರುವೆಂಬ ಚಿತ್ರಕ್ಕಿಂತ ನಿಜಸಂಗತಿ ಹೆಚ್ಚು ತೊಡಕಾದುದು. ಅದರ ದಾರಿಯ ತುಂಬ ಮನುಷ್ಯನ ಹೆಜ್ಜೆಗಳಿವೆ.

ಈ ವಿಚಾರವು ಕನ್ನಡನಾಡಿಗೆ ದೂರದ್ದಲ್ಲ. ಕಾಫಿ ಗಿಡದ ಹಸಿರು ಶಲ್ಕಕೀಟವನ್ನು ಅಡಗಿಸಲು ೧೮೯೮ರಲ್ಲಿಯೇ ಆಸ್ಟ್ರೇಲಿಯದ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು ಭಾರತಕ್ಕೆ ತರಿಸಲಾಯಿತು. ತರಿಸಿದ ಕೆಲಸಕ್ಕೆ ಅದು ಅಷ್ಟಾಗಿ ಒದಗಲಿಲ್ಲ. ಹಿಟ್ಟುತಿಗಣೆಯ ಮೇಲೆ ಸಮರ್ಥವೆನಿಸಿತು. ಇಂದು ಕರ್ಣಾಟಕದಲ್ಲಿ ಅದನ್ನು ಪ್ರಯೋಗಶಾಲೆಗಳಲ್ಲಿ ಸಾಕಿ ಕಾಫಿ, ದ್ರಾಕ್ಷಿ ಮೊದಲಾದ ಬೆಳೆಗಳಿಗೆ ಬಿಡುವರು. ಬದನೆಯ ಎಲೆಯನ್ನು ಜರಡಿಮಾಡುವ ಇಪ್ಪತ್ತೆಂಟು ಚುಕ್ಕೆಯ ಹುಳುವಾದರೋ ಇದೇ ಕುಲದ ಸ್ಥಳೀಯ ಜಾತಿ. ಹೊರಗಿನದು ಕಾಯುತ್ತದೆ, ಒಳಗಿನದು ಮೇಯುತ್ತದೆ. ಹುಟ್ಟಿದ ನೆಲದಿಂದ ಗುಣವನ್ನು ನಿಶ್ಚಯಿಸುವ ಭಾಷೆ ಇಲ್ಲಿ ಕೂಡಲೆ ಮುಗ್ಗರಿಸುವುದು.

ಆದುದರಿಂದ ಇಂಗ್ಲಿಷಿನ ಈ ಬರವಣಿಗೆಯನ್ನು ಕನ್ನಡಕ್ಕೆ ತರುವವರೂ ಪಾಠಹೇಳುವವರೂ ಶಬ್ದಗಳನ್ನು ಆರಿಸುವಲ್ಲಿ ಎಚ್ಚರದಿಂದಿರುವುದು ಯುಕ್ತ. ‘ಸ್ವದೇಶಿ’ ಎಂಬುದು ೧೯೦೫ರ ಚಳವಳಿಯಿಂದ ಗೌರವವನ್ನು ಹೊತ್ತುಕೊಂಡು ಬಂದ ಮಾತು. ‘ಪರದೇಶಿ’ ಎಂಬುದಕ್ಕೆ ಆಡುಮಾತಿನಲ್ಲಿ ದಿಕ್ಕಿಲ್ಲದವನೆಂಬ ಅರ್ಥ. ಒಂದರಲ್ಲಿ ಅಭಿಮಾನ, ಇನ್ನೊಂದರಲ್ಲಿ ಕನಿಕರ; ಹುಳುವಿನ ಎಣಿಕೆಗೆ ಎರಡೂ ಬೇಡ. ‘ಆಕ್ರಮಣಕಾರಿ’ ಎಂಬುದು ರೂಪಕವನ್ನು ಹಾಗೆಯೇ ಹೊತ್ತು ತರುವುದು. ಕನ್ನಡದಲ್ಲಿ ಇದಕ್ಕಿಂತ ನಿಖರವಾದ ಸಾಧನ ಸಿದ್ಧವಾಗಿದೆ: ಮೊದಲಿನಿಂದ ಇದ್ದ ಹುಳು, ತಾನಾಗಿ ಬಂದ ಹುಳು, ತಂದು ಬಿಟ್ಟ ಹುಳು, ಬಂದು ಹಬ್ಬಿದ ಹುಳು. ಇವುಗಳಲ್ಲಿ ‘ತಂದು ಬಿಟ್ಟ’ ಎಂಬ ಕೃದಂತವನ್ನು ಆಡಿದೊಡನೆ ತಂದವರಾರು, ಬಿಟ್ಟವರಾರು ಎಂಬ ಆಕಾಂಕ್ಷೆ ಕೇಳುವವನಲ್ಲಿ ಹುಟ್ಟುವುದು. ಇಂಗ್ಲಿಷಿನ ರೂಪಕವು ಮರೆಮಾಡಿದ ಕರ್ತೃ ವಾಕ್ಯದೊಳಕ್ಕೆ ಹಿಂದಿರುಗುವನು. ಹಬ್ಬಿತೋ ಇಲ್ಲವೋ ಎಂಬುದು ಎಣಿಕೆಯಿಂದ ಮಾತ್ರ ಗೊತ್ತಾಗಬೇಕಾದುದರಿಂದ ನಾಲ್ಕನೆಯ ಮಾತು ಪ್ರಮಾಣವನ್ನು ತಾನೇ ಬೇಡುವುದು.

ಎರಡು ಚುಕ್ಕೆಯ ಹುಳುವೂ ಒಂಬತ್ತು ಚುಕ್ಕೆಯ ಹುಳುವೂ ತಮ್ಮ ನೆಲದಲ್ಲಿ ವಿರಳವಾಗುತ್ತಿರುವುದು ನಿಜವಾದ ನಷ್ಟ. ಆ ನಷ್ಟವನ್ನು ಹೇಳಲು ಶತ್ರುವನ್ನು ಸೃಷ್ಟಿಸಬೇಕಾಗಿಲ್ಲ. ಉಪಕಾರಿಯನ್ನು ತರುತ್ತೇವೆಂದು ನಂಬಿ ತಂದವರ ನಿರ್ಧಾರಗಳನ್ನೂ, ಅವರ ಕೈಯಲ್ಲಿದ್ದ ಒಂದು ಸುಂದರವಾದ ಕಥೆಯನ್ನೂ, ಅದರ ಬಳಿಕ ವರ್ಷವರ್ಷವೂ ಎಲೆಯಡಿಯನ್ನು ನೋಡಿ ಸಂಖ್ಯೆ ಬರೆದಿಟ್ಟವರ ತಾಳ್ಮೆಯನ್ನೂ ಹೇಳಿದರೆ ಸಾಕು. ವೆಡೇಲಿಯಾದ ಕಾಲದಲ್ಲಿ ಆ ತಾಳ್ಮೆಯ ಎಣಿಕೆ ಬೇರೆ ಹುಳುಗಳ ವಿಷಯದಲ್ಲಿಯೂ ನಡೆದಿದ್ದರೆ, ಮುಂದೆ ತಂದು ಬಿಟ್ಟವುಗಳ ಪಟ್ಟಿ ಪ್ರಾಯಶಃ ಇಷ್ಟು ಉದ್ದವಾಗುತ್ತಿರಲಿಲ್ಲ.